ಹಿಂದೆ ಬಾರದ ಪದಾತಿ

ಕುವೈತಿನಲ್ಲಿ ಶುಕ್ರವಾರ ಮಧ್ಯಾಹ್ನ ಹೊರಗೆ ಬಿಸಿಲು ಉರಿಯುವಾಗ ನಮ್ಮ ಮನೆಗಳಲ್ಲಿ ಚದುರಂಗದ ಹಲಗೆ ತೆರೆದುಕೊಳ್ಳುತ್ತದೆ. ಊರಿನ ಅಜ್ಜನಿಂದ ಆಟ ಕಲಿತ ಮಕ್ಕಳು ಇಲ್ಲಿ ಪಂದ್ಯಕ್ಕೆ ಹೋಗಿ ನಾಲ್ಕೈದು ನಡೆಗೇ ಸೋತು ಬರುತ್ತಾರೆ. "ಅಜ್ಜ ಹೇಳಿಕೊಟ್ಟಿದ್ದು ತಪ್ಪಾ?" ಎಂದು ಕೇಳುತ್ತಾರೆ. ತಪ್ಪಲ್ಲ; ಅಜ್ಜನದು ಹಳೆಯ ಆಟ.

ನಮ್ಮ ಚತುರಂಗ ಪರ್ಷಿಯಾ ದಾಟಿ ಅರಬರಲ್ಲಿ 'ಶತ್ರಂಜ್' ಆಯಿತು. ನಮ್ಮ ಪದಾತಿಗೆ ಅರಬ್ಬಿಯಲ್ಲಿ 'ಬೈದಖ್' ಎನ್ನುತ್ತಾರೆ. ಅದು ಪರ್ಷಿಯನ್ನಿನ 'ಪಿಯಾದಾ'ದಿಂದ ಬಂದ ಮಾತು. ನಮ್ಮ ಪೊಲೀಸ್ 'ಪೇದೆ'ಯ ಮೂಲವೂ ಅದೇ.

ಕುವೈತಿನ ಉತ್ತರಕ್ಕಿರುವ ಬಾಗ್ದಾದಿನಲ್ಲಿ 9 ಮತ್ತು 10ನೇ ಶತಮಾನಗಳಲ್ಲಿ ಅಲ್-ಅದ್ಲಿ, ಅಸ್-ಸೂಲಿ ಎಂಬ ನಿಪುಣರು ಶತ್ರಂಜ್ ಕುರಿತು ಪುಸ್ತಕ ಬರೆದರು. ಆಗ ಪದಾತಿಗೆ ಒಂದೇ ಮನೆಯ ನಡೆ; ಮಂತ್ರಿಗೂ ಓರೆಯಾಗಿ ಒಂದೇ ಮನೆ. ಪದಾತಿಯನ್ನು ಎಲ್ಲಿ ಸರಿಸಿದರೂ ಶತ್ರು ರಾಜನ ಬಳಿ ಬರಲು ಬಹಳ ಹೊತ್ತು ಹಿಡಿಯುತ್ತಿತ್ತು.

ಯುರೋಪಿನಲ್ಲಿ ಪದಾತಿಗೆ ಮೊದಲ ಸಲ ಎರಡು ಮನೆ ದಾಟುವ ಅವಕಾಶ ಸಿಕ್ಕಿತು. 15ನೇ ಶತಮಾನದ ಕೊನೆಯಲ್ಲಿ ಮಂತ್ರಿ ಹಲಗೆಯ ಉದ್ದಗಲಕ್ಕೂ ಓಡತೊಡಗಿತು. ಆಗ ರಾಜನ ಪಕ್ಕದ ಒಂಟೆಯ ಮುಂದಿನ ಪದಾತಿ ಬಾಗಿಲಿನ ಚಿಲಕವಾಯಿತು. ಬಿಳಿಯವರು ಆ ಪದಾತಿಯನ್ನು ಒಂದು ಮನೆ, ಅದರಾಚೆಯ ಕುದುರೆ ಮುಂದಿನದನ್ನು ಎರಡು ಮನೆ ನಡೆಸಿದರೆ ಸಾಕು, ಕಪ್ಪು ಮಂತ್ರಿ ಎರಡನೇ ನಡೆಗೇ ಓರೆಯಾಗಿ ಬಂದು ರಾಜನನ್ನು ಕಟ್ಟಿಹಾಕುತ್ತದೆ.

ಪೋರ್ಚುಗಲ್ಲಿನ ದಮಿಯಾನೊ 1512ರಲ್ಲಿ ರೋಮಿನಲ್ಲಿ ಪ್ರಕಟಿಸಿದ ಪುಸ್ತಕದಲ್ಲೇ ಇಂಥ ಎಚ್ಚರಿಕೆ ಇದೆ. ರಾಜನ ಮುಂದಿನ ಪದಾತಿಯನ್ನು ಶತ್ರುವಿನ ಕುದುರೆ ಬೆದರಿಸಿದಾಗ ಒಂಟೆಯ ಪದಾತಿಯಿಂದ ಅದನ್ನು ಕಾಯಬೇಡಿ. ಕುದುರೆಯನ್ನೇ ಬಲಿಕೊಟ್ಟು ಮಂತ್ರಿ ಒಳನುಗ್ಗುತ್ತದೆ. ಬೇಡವೆಂದವರು ಅವರೇ, ಆದರೂ ಆ ಕೆಟ್ಟ ರಕ್ಷಣೆಗೆ ಅವರ ಹೆಸರೇ ಅಂಟಿಕೊಂಡಿತು!

ನಮ್ಮ ಹಳ್ಳಿಗಳಲ್ಲಿ ಮಾತ್ರ ಪದಾತಿಯ ಒಂದೇ ಮನೆಯ ನಡೆ ಬಹುಕಾಲ ಉಳಿಯಿತು. ಮೊದಲ ಸರದಿಗೆ ಎರಡು ಪದಾತಿಗಳನ್ನು ಒಂದೊಂದು ಮನೆ ಸರಿಸುವ ರೂಢಿಯೂ ನಮ್ಮಲ್ಲಿ ಕೆಲವರ ಮನೆಯಲ್ಲಿತ್ತು. ಪಂಜಾಬಿನ ಸುಲ್ತಾನ್ ಖಾನ್ ಅಂಥ ದೇಶಿ ಆಟದಲ್ಲೇ ಬೆಳೆದವರು. ಇಂಗ್ಲೆಂಡಿಗೆ ಹೋದಾಗ ಆರಂಭದ ನಡೆಗಳೇ ಅವರ ದುರ್ಬಲ ಭಾಗವಾಗಿದ್ದವು. ಆದರೂ 1929, 1932 ಮತ್ತು 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು; ಮಾಜಿ ವಿಶ್ವ ಚಾಂಪಿಯನ್ ಕಾಪಾಬ್ಲಾಂಕಾರನ್ನೂ ಮಣಿಸಿದರು.

ಆದ್ದರಿಂದ ನಮ್ಮ ಮಕ್ಕಳಿಗೆ ಇಷ್ಟು ಹೇಳೋಣ: ರಾಜ, ಮಂತ್ರಿಯರ ಮುಂದಿನ ಪದಾತಿಗಳನ್ನು ಮೊದಲು ನಡೆಸಿ. ಕುದುರೆ, ಒಂಟೆಗಳನ್ನು ಹೊರತನ್ನಿ, ರಾಜನನ್ನು ಕೋಟೆಗೆ ಸೇರಿಸಿ. ಆನೆಗೆ ದಾರಿ ಮಾಡಲೆಂದು ಅಂಚಿನ ಪದಾತಿಗಳನ್ನು ಅವಸರದಿಂದ ಓಡಿಸಬೇಡಿ. ಬೇರೆ ಕಾಯಿಗಳು ಹಿಂದೆ ಬರಬಹುದು, ಪದಾತಿ ಬಾರದು.

ರಜೆಗೆ ಊರಿಗೆ ಹೋದಾಗ ಮಾತ್ರ ಅಜ್ಜನ ಜೊತೆ ಅಜ್ಜನ ನಿಯಮದಲ್ಲೇ ಆಡಲಿ. ಅಲ್ಲಿ ಗೆಲ್ಲುವುದೂ ಸುಲಭವಲ್ಲ.