ಹಿತ್ತಿಲಿನ ಇಟ್ಟಿಗೆ ಒಲೆ: ಕುರಿಚಿ ಪರಿಸರದ ಒಂದು ಕಟ್ಟಡಚರಿತ್ರೆ

ಕೊಯಮತ್ತೂರಿನಿಂದ ಪೊಳ್ಳಾಚಿಗೆ ಹೋಗುವ ಹೆದ್ದಾರಿಯಲ್ಲಿರುವ ಕುರಿಚಿ 2011ರಲ್ಲಿ ಕೊಯಮತ್ತೂರು ಮಹಾನಗರಪಾಲಿಕೆಯ ಭಾಗವಾಯಿತು. ಒಂದು ಕಡೆ ಕೆರೆ, ಇನ್ನೊಂದು ಕಡೆ ಸಿಡ್ಕೋ ಕೈಗಾರಿಕಾ ವಸಾಹತು. ಈ ಸೀಮೆಯ ಕನ್ನಡಿಗರೆಂದೊಡನೆ ಅಧ್ಯೇತೃಗಳಿಗೆ ನೆನಪಾಗುವವರು ದೇವಾಂಗ ನೇಕಾರರು ಮತ್ತು ಒಕ್ಕಲಿಗರು. ಮಗ್ಗ, ನೇಗಿಲುಗಳ ಪದಾವಳಿಯ ಮೇಲೆ ನಾವು ತೋರಿದ ಆಸ್ಥೆಯನ್ನು ಒಲೆಯ ಮೇಲೆ ತೋರಿದಂತಿಲ್ಲ. ಅಡುಗೆಮನೆಯ ಒಲೆಯನ್ನಲ್ಲ, ಅಂಗಡಿಯ ಹಿಂಬದಿಯ ಹಿತ್ತಿಲಲ್ಲಿ ಕಟ್ಟುತ್ತಿದ್ದ ಬೇಕರಿಯ ಇಟ್ಟಿಗೆ ಒಲೆಯನ್ನು ಕುರಿತು ಹೇಳುತ್ತಿದ್ದೇನೆ.

ಈ ಒಲೆಯ ಹಿಂದೆ ಒಂದು ವಲಸೆಯ ಕಥೆಯಿದೆ. ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಎಚ್. ಎಸ್. ತಿರುಮಲಾಚಾರ್ ಅವರು ಬಿ. ಬಿ. ಬೇಕರಿಯನ್ನು ಆರಂಭಿಸಿದ್ದು 1898ರಲ್ಲಿ. ಮುಂದೆ ಹಾಸನ ಜಿಲ್ಲೆಯ ಅಯ್ಯಂಗಾರ್ ಕುಟುಂಬಗಳು ಈ ಕಸುಬನ್ನು ಊರೂರಿಗೆ ಒಯ್ದವು. ತಮಿಳುನಾಡಿನ ಪಟ್ಟಣಗಳಲ್ಲಿ ಇಂದಿಗೂ ‘ಬೆಂಗಳೂರು ಅಯ್ಯಂಗಾರ್ ಬೇಕರಿ’ ಎಂಬ ಫಲಕಗಳು ಕಾಣುತ್ತವೆ. ಇವರಲ್ಲಿ ಹಲವರು ಮನೆಯಲ್ಲಿ ಆಡುವುದು ಕನ್ನಡ ಬೆರೆತ ಹೆಬ್ಬಾರ್ ತಮಿಳು. ಶತಮಾನಗಳ ಹಿಂದೆ ತಮಿಳುನಾಡಿನಿಂದ ಹೊರಟ ನುಡಿಯೊಂದು ಕನ್ನಡದ ಕಾವಿನಲ್ಲಿ ಬೆಂದು, ರೊಟ್ಟಿಯ ಮೊರದೊಡನೆ ತವರಿಗೆ ಮರಳಿತೆನ್ನಬಹುದು. ಭಾಷಾಶಾಸ್ತ್ರಜ್ಞರು ಈ ತಿರುವನ್ನು ಬೇಕರಿಯ ಗಲ್ಲಾಪೆಟ್ಟಿಗೆಯ ಬಳಿ ನಿಂತಾದರೂ ಗಮನಿಸಬೇಕು.

ಮನೆಯ ಒಲೆಗೆ ಚಾವಣಿಯಿಲ್ಲ. ಬೆಂಕಿಯ ಮೇಲೆ ಪಾತ್ರೆ ಕೂರುತ್ತದೆ, ಅಷ್ಟೆ. ಬೇಕರಿಯ ಸೌದೆ ಒಲೆಯ ತತ್ತ್ವವೇ ಬೇರೆ. ಗೂಡಿನೊಳಗೆ ಸೌದೆ ಉರಿಸಿ, ಗೋಡೆ ಮತ್ತು ಚಾವಣಿಗಳು ಕಾವನ್ನು ಕುಡಿದ ಮೇಲೆ ಕೆಂಡವನ್ನು ಹೊರಗೆಳೆದು, ಉಳಿದ ಕಾವಿನಲ್ಲೇ ರೊಟ್ಟಿ ಬೇಯಿಸುತ್ತಾರೆ. ಕ್ರಿ. ಶ. 79ರಲ್ಲಿ ಬೂದಿಯಡಿ ಹುದುಗಿದ ಪಾಂಪೆಯ ರೊಟ್ಟಿ ಅಂಗಡಿಗಳಲ್ಲಿಯೂ ಇಂತಹ ಗುಮ್ಮಟದೊಲೆಗಳೇ ದೊರೆತಿವೆ. ಹೀಗಾಗಿ ಚಾವಣಿಯು ಏಕಕಾಲಕ್ಕೆ ಕಟ್ಟಡವೂ ಹೌದು, ಕಾವಿನ ಕಣಜವೂ ಹೌದು. ಕಟ್ಟುವವನ ತೊಡಕುಗಳೆಲ್ಲ ಹುಟ್ಟುವುದು ಈ ಇಬ್ಬಗೆಯಿಂದ.

ಮೊದಲನೆಯದು ನೆಲ. ಕೊಯಮತ್ತೂರು ಸೀಮೆಯನ್ನು ಹತ್ತಿಯ ನಾಡನ್ನಾಗಿಸಿದ ಕರಿಯ ಮಣ್ಣು, ನಮ್ಮ ಎರೆ, ತಮಿಳಿನ ಕರಿಸಲ್, ನೀರು ಕುಡಿದು ಉಬ್ಬುತ್ತದೆ, ಒಣಗಿ ಬಿರಿಯುತ್ತದೆ. ಈ ಉಬ್ಬುವಿಕೆ ಹಗುರವಾದ ಗೋಡೆಗೇ ಹೆಚ್ಚು ಅಪಾಯಕರ, ಆದರೆ ಟನ್‌ಗಟ್ಟಲೆ ತೂಗುವ ಒಲೆಯೂ ಇದರಿಂದ ಪಾರಲ್ಲ. ಎರೆ ಇರುವೆಡೆ ಅದನ್ನು ತೆಗೆದುಹಾಕಿ ಗಟ್ಟಿ ನೆಲದವರೆಗೆ ಅಗೆದು, ಮರಳು ತುಂಬಿ, ಕಲ್ಲಿನ ತಳಪಾಯ ಹಾಕಬೇಕು. ಮಳೆನೀರು ಬುಡದಲ್ಲಿ ನಿಲ್ಲಲು ಬಿಡಬಾರದು.

ಎರಡನೆಯದು, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು, ಕಮಾನಿನ ಪಾರ್ಶ್ವ ಒತ್ತಡ. ಕಮಾನು ತನ್ನ ಭಾರವನ್ನು ಕೆಳಕ್ಕೆ ಮಾತ್ರವಲ್ಲ, ಪಕ್ಕಕ್ಕೂ ತಳ್ಳುತ್ತದೆ. ಹರವು ಮತ್ತು ಭಾರಗಳು ಬದಲಾಗದೆ ಏರನ್ನು ಮಾತ್ರ ಅರ್ಧಕ್ಕೆ ಇಳಿಸಿದರೆ ಆ ತಳ್ಳುವಿಕೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಬೇಕರಿಯವನಿಗೆ ಬೇಕಾದದ್ದು ತಗ್ಗಿನ ಚಾವಣಿ, ಏಕೆಂದರೆ ಕಾವು ರೊಟ್ಟಿಯ ನೆತ್ತಿಗೆ ಹತ್ತಿರವಿರಬೇಕು. ಗಾರೆಯವನಿಗೆ ಬೇಕಾದದ್ದು ಎತ್ತರದ ಚಾವಣಿ. ಈ ಜಗಳವನ್ನು ಬಗೆಹರಿಸಲು ಪಕ್ಕದ ಗೋಡೆಗಳನ್ನು ದಪ್ಪವಾಗಿ ಕಟ್ಟಿ, ಕಮಾನಿನ ಹೆಗಲ ಮೇಲೆ ಮರಳು ತುಂಬುತ್ತಾರೆ. ಮರಳು ಭಾರವನ್ನೂ ಕೊಡುತ್ತದೆ, ಕಾವನ್ನೂ ಕಾಯುತ್ತದೆ. ದುಂಡನೆಯ ಗುಮ್ಮಟವಾದರೂ ನಿಯಮ ತಪ್ಪದು: ತೆಳುವಾದ ಅರ್ಧಗೋಳದಲ್ಲಿ ನೆತ್ತಿಯಿಂದ ಸುಮಾರು 52 ಡಿಗ್ರಿಯ ಕೆಳಗೆ ಇಟ್ಟಿಗೆಯ ಸುತ್ತುಗಳು ಒತ್ತಲ್ಪಡುವ ಬದಲು ಹಿಗ್ಗತೊಡಗುತ್ತವೆ. ಬಿರುಕುಗಳು ಬುಡದಿಂದ ಮೇಲೇಳುವುದು ಅದಕ್ಕಾಗಿಯೇ. 1656ರಲ್ಲಿ ಮುಗಿದ, ಹೊರಗಿನಿಂದ ಸುಮಾರು 44 ಮೀಟರ್ ವ್ಯಾಸದ ವಿಜಯಪುರದ ಗೋಲಗುಮ್ಮಟವನ್ನು ಕಟ್ಟಿದವರೂ ಈ ತಳ್ಳುವಿಕೆಯನ್ನೇ ಎದುರಿಸಿದರು. ಒಂದನ್ನೊಂದು ಹಾಯುವ ಕಮಾನುಗಳಿಂದ ಅದನ್ನು ಅಂಕೆಯಲ್ಲಿಟ್ಟರು. ಹಿತ್ತಿಲಿನ ಒಲೆಯಲ್ಲಿ ಆ ಕೆಲಸ ಮರಳಿನದು.

ಗಾರೆಯ ವಿಷಯದಲ್ಲಿ ಇಂದು ನಡೆಯುವ ತಪ್ಪು ದೊಡ್ಡದು. ‘ಗಟ್ಟಿಯಾಗಿರಲಿ’ ಎಂದು ಸಿಮೆಂಟು ಬಳಸುತ್ತಾರೆ. ಸುಮಾರು 400 ಡಿಗ್ರಿ ಸೆಲ್ಸಿಯಸ್ ದಾಟಿದರೆ ಗಟ್ಟಿಯಾದ ಸಿಮೆಂಟಿನೊಳಗಿನ ಸುಣ್ಣದಂಶ ನೀರು ಕಳೆದುಕೊಳ್ಳುತ್ತದೆ, ತಣಿದ ಮೇಲೆ ಗಾಳಿಯ ತೇವವನ್ನು ಹೀರಿ ಮತ್ತೆ ಉಬ್ಬುತ್ತದೆ, ಸಂದುಗಳು ಪುಡಿಯಾಗುತ್ತವೆ. ಒಂದು ಮೀಟರ್ ಉದ್ದದ ಇಟ್ಟಿಗೆಯ ಸಾಲು 400 ಡಿಗ್ರಿ ಏರಿಕೆಗೆ ಸುಮಾರು ಎರಡು ಮಿಲಿಮೀಟರ್ ಹಿಗ್ಗುತ್ತದೆ. ಮರಳು ಬೆರೆಸಿದ ಜೇಡಿಯ ತೆಳು ಗಾರೆ ಈ ಚಲನೆಗೆ ಎಡೆಕೊಡುತ್ತದೆ, ಸಿಮೆಂಟು ಕೊಡುವುದಿಲ್ಲ. ಒಳಗೂಡನ್ನು ಹೊರಗೋಡೆಗೆ ಬೆಸೆಯದೆ ನಡುವೆ ಸಂದು ಬಿಡುವುದೂ ಇದೇ ಕಾರಣಕ್ಕೆ. ಕೂದಲೆಳೆಯ ಬಿರುಕು ಒಲೆಯ ರೋಗವಲ್ಲ, ಉಸಿರು.

ಕುರಿಚಿಯಲ್ಲಿ ಈ ಕಟ್ಟಡಕ್ಕೆ ಇನ್ನೊಂದು ಒದಗುವಿಕೆಯಿದೆ. ಕೊಯಮತ್ತೂರಿನ ಎರಕದ ಉದ್ಯಮದಲ್ಲಿ ಕಬ್ಬಿಣ ಕರಗಿಸುವ ಕುಪೋಲಾ ಕುಲುಮೆಗಳಿಗೆ ಬೆಂಕಿ ಇಟ್ಟಿಗೆಯ ಒಳಪದರ ಬೇಕೇ ಬೇಕು. ಅಲ್ಲಿ ಪಾರ್ಶ್ವ ಒತ್ತಡದ ಗೋಜಿಲ್ಲ, ಉಕ್ಕಿನ ಕವಚ ಎಲ್ಲವನ್ನೂ ಅಪ್ಪಿ ಹಿಡಿಯುತ್ತದೆ. ಒಲೆಯ ನೆಲಕ್ಕೂ ಉರಿ ನೇರವಾಗಿ ತಾಗುವ ಭಾಗಕ್ಕೂ ಆ ಇಟ್ಟಿಗೆ ಯೋಗ್ಯ. ಉಳಿದ ಕಡೆ ಚೆನ್ನಾಗಿ ಬೆಂದ ಸಾಮಾನ್ಯ ಇಟ್ಟಿಗೆ ಸಾಕು. ಆ ಸಾಮಾನ್ಯ ಇಟ್ಟಿಗೆಯೇ ಈಗ ಇಕ್ಕಟ್ಟಿನಲ್ಲಿದೆ. ನಗರದ ವಾಯುವ್ಯದ ತಡಾಗಂ ಕಣಿವೆಯ ಗೂಡುಗಳು, ತಮಿಳಿನಲ್ಲಿ ಚೂಳೈಗಳು, ಕೆಮ್ಮಣ್ಣನ್ನು ಆಳವಾಗಿ ಅಗೆದು ಹಳ್ಳಗಳನ್ನೇ ಕೆಡಿಸಿದವೆಂಬ ದೂರುಗಳ ಬಳಿಕ, ಅನುಮತಿಯಿಲ್ಲದವನ್ನು 2021ರಲ್ಲಿ ಮುಚ್ಚಿಸಲಾಯಿತು. ಮುಚ್ಚಿಸಿದ್ದು ಸರಿ ಎಂದೇ ನನ್ನ ಅಭಿಪ್ರಾಯ. ಆದರೆ ಮಣ್ಣು ನೋಡಿಯೇ ಇಟ್ಟಿಗೆಯ ಗುಣ ಹೇಳಬಲ್ಲ ಕೈಗಳೂ ಅದರೊಂದಿಗೆ ಚದುರುತ್ತವೆ.

ವಿದ್ಯುತ್ ಮತ್ತು ಗ್ಯಾಸಿನ ಓವನ್ ಬಂದಂತೆ ಸೌದೆ ಒಲೆಗಳು ಕೆಡವಲ್ಪಡುತ್ತಿವೆ. ಕೆನಡಾದ ಕ್ವಿಬೆಕ್‌ನಲ್ಲಿ ಲೀಸ್ ಬೊಯಿಲಿ ಮತ್ತು ಜಾನ್-ಫ್ರಾಂಸ್ವಾ ಬ್ಲಾಂಶೆಟ್ ಹಳ್ಳಿಗಳ ರೊಟ್ಟಿ ಒಲೆಗಳನ್ನು ಅಳೆದು 1979ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಬಾಗಿಲಿನ ಎತ್ತರ ಒಳಗಿನ ಎತ್ತರದ ಸುಮಾರು 63 ಪ್ರತಿಶತ ಇರಬೇಕೆಂದು ಒಲೆ ಕಟ್ಟುವವರು ಇಂದು ಪಾಲಿಸುವ ಲೆಕ್ಕಕ್ಕೆ ಆ ಅಳತೆಗಳೇ ಆಧಾರ: ಅದಕ್ಕಿಂತ ಎತ್ತರವಾದರೆ ಕಾವು ಸೋರುತ್ತದೆ, ತಗ್ಗಾದರೆ ಉರಿಗೆ ಗಾಳಿ ಸಾಲದು. ಕುರಿಚಿಯಿಂದ ತಿರುಪ್ಪೂರಿನವರೆಗೆ ಉಳಿದಿರುವ ಒಲೆಗಳಲ್ಲಿ ಅಳೆಯಬೇಕಾದದ್ದೂ ಇವೇ: ಹರವು, ಏರು, ಬಾಗಿಲು, ಗೋಡೆಯ ದಪ್ಪ, ಬಿರುಕು ಹೊರಟ ಜಾಗ. ಜೊತೆಗೆ ಪ್ರತಿಯೊಂದು ಭಾಗವನ್ನು ಗಾರೆಯವನು ಯಾವ ಪದದಿಂದ ಕರೆಯುತ್ತಾನೆ, ರೊಟ್ಟಿ ಬೇಯಿಸುವವನು ಯಾವ ಪದದಿಂದ ಕರೆಯುತ್ತಾನೆ ಎಂಬುದನ್ನು ಎರಡು ಬೇರೆ ಅಂಕಣಗಳಲ್ಲಿ ಬರೆದುಕೊಳ್ಳಬೇಕು.