ಹಳೆಯ ಆಟೊಮ್ಯಾಟಿಕ್ ಕಾರು: ಗೇರ್‌ಬಾಕ್ಸ್ ದ್ರವ, ಫಿಲ್ಟರ್ ಬದಲಿಸುವ ಮುನ್ನ

ಹಲಸೂರಿನಿಂದ ಹಳೆ ಮದ್ರಾಸ್ ರಸ್ತೆ ಹಿಡಿದು ಟಿನ್ ಫ್ಯಾಕ್ಟರಿ ದಾಟಿ ಕೆ.ಆರ್.ಪುರ ತಲುಪುವಷ್ಟರಲ್ಲಿ ಕ್ಲಚ್ ತುಳಿದು ತುಳಿದು ಎಡಗಾಲು ಸೋಲುವುದು ಪೂರ್ವ ಬೆಂಗಳೂರಿನ ಚಾಲಕರಿಗೆ ಹೊಸತೇನಲ್ಲ. ಮೊಣಕಾಲು ನೋವಿನ ಹಿರಿಯರು, ಎಡಗಾಲಿನ ಬಲ ಕಳೆದುಕೊಂಡವರು ಹದಿನೈದು ವರ್ಷ ದಾಟಿದ ಆಟೊಮ್ಯಾಟಿಕ್ ಕಾರನ್ನೂ ಕೈಬಿಡದಿರಲು ಇದೇ ಕಾರಣ. ಆದರೆ ಅಂತಹ ಕಾರಿನ ಗೇರ್‌ಬಾಕ್ಸ್ ಕೆಟ್ಟರೆ ದುರಸ್ತಿಯ ವೆಚ್ಚ ಕಾರಿನ ಮರುಮಾರಾಟ ಬೆಲೆಯನ್ನೇ ಮೀರಬಹುದು. ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಬಿಚ್ಚಿದ ಗೇರ್‌ಬಾಕ್ಸ್ ಸಿಕ್ಕರೂ ಅದರ ಒಳಗಿನ ಸ್ಥಿತಿ ಹೊರಗಿನಿಂದ ತಿಳಿಯದು. ಈ ಸಂಕಷ್ಟವನ್ನು ಮುಂದೂಡುವ ಅಗ್ಗದ ಉಪಾಯವೆಂದರೆ ಎಟಿಎಫ್ ಎಂದು ಕರೆಯಲಾಗುವ ಗೇರ್‌ಬಾಕ್ಸ್ ದ್ರವವನ್ನು ಕಾಲಕಾಲಕ್ಕೆ ಬದಲಿಸುವುದು.

ಎಂಜಿನ್ನಿನ ಶಕ್ತಿಯನ್ನು ಟಾರ್ಕ್ ಕನ್ವರ್ಟರ್ ಮೂಲಕ ಗೇರ್‌ಗಳಿಗೆ ದಾಟಿಸುವುದು, ಒತ್ತಡದಿಂದ ಒಳಗಿನ ಕ್ಲಚ್‌ಗಳನ್ನು ಹಿಡಿಸುವುದು, ಭಾಗಗಳನ್ನು ತಂಪಾಗಿಡುವುದು ಈ ದ್ರವದ ಕೆಲಸ. ಬಿಸಿಯೇ ಇದರ ಶತ್ರು. ನಿಂತು ನಿಂತು ಸಾಗುವ ಸಂಚಾರದಲ್ಲಿ ಟಾರ್ಕ್ ಕನ್ವರ್ಟರ್ ಜಾರುತ್ತಲೇ ಇರುವುದರಿಂದ ಬಿಸಿ ಹೆಚ್ಚುತ್ತದೆ. ಟಾಮ್‌ಟಾಮ್ ಸಂಸ್ಥೆಯ 2019ರ ಸೂಚ್ಯಂಕದಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಸಂಚಾರ ದಟ್ಟಣೆಯ ನಗರವೆನಿಸಿದ್ದು ಬೆಂಗಳೂರು. ಇಲ್ಲಿನ ಕಾರುಗಳು ಕ್ರಮಿಸುವ ಕಿಲೋಮೀಟರ್ ಕಡಿಮೆಯಿದ್ದರೂ ದ್ರವದ ಸವೆತ ಕಡಿಮೆಯಲ್ಲ. ಕೆಲವು ಕಾರು ತಯಾರಕರು ಇದನ್ನು ಬದಲಿಸುವ ಅಗತ್ಯವಿಲ್ಲದ 'ಲೈಫ್‌ಟೈಮ್' ದ್ರವವೆಂದು ಹೇಳುವುದುಂಟು. ಆದರೆ ಗೇರ್‌ಬಾಕ್ಸ್ ತಯಾರಿಸುವ ಜರ್ಮನಿಯ ಝಡ್‌ಎಫ್ ಕಂಪನಿಯೇ ಕೆಲವೊಂದು ಸಾವಿರವಲ್ಲ, 80 ಸಾವಿರದಿಂದ 1.2 ಲಕ್ಷ ಕಿ.ಮೀ. ಅಥವಾ ಎಂಟು ವರ್ಷಗಳಿಗೊಮ್ಮೆ ಬದಲಿಸುವಂತೆ ಸಲಹೆ ನೀಡಿದೆ. ನಂಬಬೇಕಾದದ್ದು ಯಾರನ್ನೆಂಬುದು ಸ್ಪಷ್ಟ.

ಮೊದಲು ಬಗೆ ತಿಳಿಯಿರಿ

ಕ್ಲಚ್ ಪೆಡಲ್ ಇಲ್ಲದ ಕಾರುಗಳೆಲ್ಲ ಒಂದೇ ಅಲ್ಲ. 2014ರ ಮಾರುತಿ ಸೆಲೆರಿಯೊದಿಂದ ದೇಶದಲ್ಲಿ ಜನಪ್ರಿಯವಾದ ಎಎಂಟಿ, ಸಾಮಾನ್ಯ ಗೇರ್‌ಬಾಕ್ಸ್‌ಗೆ ಯಂತ್ರದ ಕೈ ಜೋಡಿಸಿದ ವ್ಯವಸ್ಥೆ; ಇಲ್ಲಿ ಹೇಳಿದ ವಿಧಾನ ಅದಕ್ಕೆ ಅನ್ವಯಿಸದು. ಸಿವಿಟಿಗೆ ಅದರದೇ ದ್ರವ ಬೇಕು. 2008ರಲ್ಲಿ ಬಂದ ಮೂರನೇ ತಲೆಮಾರಿನ ಹೋಂಡಾ ಸಿಟಿಯ ಆಟೊಮ್ಯಾಟಿಕ್‌ಗೆ ಐದು ಗೇರ್‌ಗಳಿದ್ದರೆ, 2014ರ ಸಿಟಿ ಪೆಟ್ರೋಲ್ ಆಟೊಮ್ಯಾಟಿಕ್ ಸಿವಿಟಿ. ಹೆಸರು ಒಂದೇ, ದ್ರವ ಬೇರೆ. ಆದ್ದರಿಂದ ಕಾರಿನ ಕೈಪಿಡಿಯಲ್ಲಿ ಸೂಚಿಸಿದ ದ್ರವವನ್ನೇ ಹಾಕಿಸಬೇಕು. ಹೋಂಡಾದ ಹಳೆಯ ಝಡ್-1 ದ್ರವದ ಜಾಗಕ್ಕೆ ಡಿಡಬ್ಲ್ಯು-1 ಬಂದಿದೆ. 'ಎಲ್ಲ ಗಾಡಿಗೂ ಆಗುತ್ತದೆ' ಎಂಬ ಡಬ್ಬಿಯಿಂದ ದೂರವಿರುವುದು ಲೇಸು.

ಡಿಪ್‌ಸ್ಟಿಕ್ ಇರುವ ಕಾರಿನಲ್ಲಿ ಬಿಳಿ ಬಟ್ಟೆಗೆ ಒಂದು ಹನಿ ಒರೆಸಿ ನೋಡಬಹುದು. ಸಾಮಾನ್ಯವಾಗಿ ಹೊಸ ದ್ರವ ಕೆಂಪಗಿರುತ್ತದೆ. ಕಂದು ಬಣ್ಣ ತಿರುಗಿದ್ದರೆ ಬದಲಿಸುವ ಕಾಲ ಬಂದಿದೆ. ಕಪ್ಪಾಗಿ ಸುಟ್ಟ ವಾಸನೆ ಬರುತ್ತಿದ್ದು, ಗೇರ್ ಜಾರುತ್ತಲೂ ಇದ್ದರೆ ಒಳಗಿನ ಕ್ಲಚ್ ಸವೆದಿದೆ ಎಂದೇ ಅರ್ಥ. ಹೊಸ ದ್ರವ ಅದನ್ನು ಸರಿಪಡಿಸದು. 'ಆಯಿಲ್ ಬದಲಿಸಿದ ಮೇಲೇ ಗಾಡಿ ಕೆಟ್ಟಿತು' ಎಂಬ ದೂರು ಸಾಮಾನ್ಯವಾಗಿ ಹುಟ್ಟುವುದು ಇಂತಹ ಕಾರುಗಳಿಂದ. ನೋಡುವ ಕ್ರಮದಲ್ಲೂ ವ್ಯತ್ಯಾಸವಿದೆ: ಹೆಚ್ಚಿನ ಕಾರುಗಳಲ್ಲಿ ಎಂಜಿನ್ ಓಡುತ್ತಿರುವಾಗ ಅಳತೆ ನೋಡಿದರೆ, ಹೋಂಡಾದಲ್ಲಿ ಬಿಸಿಯಾದ ಎಂಜಿನ್ ನಿಲ್ಲಿಸಿ 60ರಿಂದ 90 ಸೆಕೆಂಡಿನೊಳಗೆ ನೋಡಬೇಕು.

ಕೆಲಸದ ಕ್ರಮ

ಕಾರನ್ನು ಸ್ವಲ್ಪ ಓಡಿಸಿ, ದ್ರವ ಬೆಚ್ಚಗಾದ ಮೇಲೆ ಸಮತಟ್ಟಾದ ನೆಲದಲ್ಲಿ ನಿಲ್ಲಿಸಬೇಕು. ಬರೀ ಜಾಕ್ ನಂಬಿ ಕಾರಿನಡಿಗೆ ನುಸುಳುವುದು ಪ್ರಾಣಾಪಾಯ, ಸ್ಟ್ಯಾಂಡ್ ಕಡ್ಡಾಯ. ತಳದ ಪ್ಯಾನ್‌ನ ಬೋಲ್ಟ್‌ಗಳನ್ನು ಒಂದು ಮೂಲೆಯಿಂದ ಸಡಿಲಿಸಿದರೆ ದ್ರವ ಆ ಕಡೆಯಿಂದ ಇಳಿಯುತ್ತದೆ. ಪ್ಯಾನ್‌ನೊಳಗಿನ ಆಯಸ್ಕಾಂತಕ್ಕೆ ಬೂದು ಬಣ್ಣದ ನಯವಾದ ಪುಡಿ ಅಂಟಿದ್ದರೆ ಅದು ಸಹಜ ಸವೆತ. ಕಬ್ಬಿಣದ ಚೂರುಗಳಿದ್ದರೆ ಅಲ್ಲಿಗೆ ಕೆಲಸ ನಿಲ್ಲಿಸಿ ತಜ್ಞರಿಗೆ ತೋರಿಸುವುದು ಸೂಕ್ತ. ಹಳೆಯ ಫಿಲ್ಟರ್ ತೆಗೆಯುವಾಗ ಅದರ ರಬ್ಬರ್ ಉಂಗುರ ಒಳಗೇ ಉಳಿಯುವುದುಂಟು. ಗಮನಿಸದೆ ಹೊಸದನ್ನು ಕೂರಿಸಿದರೆ ಪಂಪ್ ಗಾಳಿ ಎಳೆದುಕೊಳ್ಳುತ್ತದೆ. ಗ್ಯಾಸ್ಕೆಟ್ ಹೊಸದಿರಲಿ. ಬೋಲ್ಟ್‌ಗಳನ್ನು ಬಲ ಹಾಕಿ ಬಿಗಿದರೆ ಪ್ಯಾನ್ ಬಾಗಿ ಸೋರುತ್ತದೆ.

ಹೋಂಡಾದ ಅನೇಕ ಗೇರ್‌ಬಾಕ್ಸ್‌ಗಳಿಗೆ ಇಂತಹ ಪ್ಯಾನ್ ಇಲ್ಲ. ಒಳಗಿನ ಫಿಲ್ಟರ್ ಬದಲಿಸಲು ಗೇರ್‌ಬಾಕ್ಸನ್ನೇ ಬಿಚ್ಚಬೇಕು. ಅಲ್ಲಿ ತಿರುಪು ಬಿಚ್ಚಿ ದ್ರವ ಇಳಿಸಿ ಹೊಸದು ತುಂಬುವುದಷ್ಟೇ ಸಾಧ್ಯ.

ಒಮ್ಮೆಗೆ ಎಲ್ಲ ದ್ರವವೂ ಹೊರಬರುವುದಿಲ್ಲ. ಟಾರ್ಕ್ ಕನ್ವರ್ಟರ್ ಮತ್ತು ಕೂಲರ್‌ನಲ್ಲಿ ಅರ್ಧಕ್ಕೂ ಹೆಚ್ಚು ಉಳಿದಿರಬಹುದು. ಇಳಿದದ್ದನ್ನು ಅಳೆದು ಅಷ್ಟೇ ತುಂಬಬೇಕು. ಬಳಿಕ ಎಂಜಿನ್ ಚಾಲೂ ಮಾಡಿ, ಬ್ರೇಕ್ ತುಳಿದು, ಲಿವರನ್ನು ಪ್ರತಿ ಸ್ಥಾನದಲ್ಲೂ ಕೆಲ ಕ್ಷಣ ನಿಲ್ಲಿಸಿ, ಬಿಸಿಯಾದ ಮೇಲೆ ಮತ್ತೆ ಅಳತೆ ನೋಡಬೇಕು. ಕೆಲ ದಿನ ಓಡಿಸಿ ಇದೇ ಕೆಲಸವನ್ನು ಇನ್ನೆರಡು ಬಾರಿ ಮಾಡಿದರೆ ಹಳೆಯ ದ್ರವದ ಬಹುಭಾಗ ಹೊರಹೋಗುತ್ತದೆ. ವರ್ಷಗಟ್ಟಲೆ ಮುಟ್ಟದ ಗೇರ್‌ಬಾಕ್ಸನ್ನು ಯಂತ್ರದ ಒತ್ತಡದಿಂದ ತೊಳೆಸುವುದಕ್ಕಿಂತ ಈ ನಿಧಾನದ ದಾರಿ ಕ್ಷೇಮಕರ.

ಇಳಿಸಿದ ದ್ರವವನ್ನು ರಸ್ತೆಬದಿಯ ಚರಂಡಿಗೆ ಸುರಿಯುವಂತಿಲ್ಲ. ಮಳೆ ಬಂದರೆ ಅದು ರಾಜಕಾಲುವೆ ಸೇರಿ ಕೆರೆ ಮುಟ್ಟುತ್ತದೆ. ಬಳಸಿದ ಆಯಿಲ್ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬರುತ್ತದೆ. ಮನೆಯಲ್ಲೇ ಕೆಲಸ ಮಾಡಿದವರು ಅದನ್ನು ಕ್ಯಾನ್‌ನಲ್ಲಿ ತುಂಬಿ, ಅಧಿಕೃತ ಸಂಸ್ಕರಣಾ ಘಟಕಕ್ಕೆ ಕಳುಹಿಸುವ ಸರ್ವಿಸ್ ಕೇಂದ್ರಕ್ಕೆ ಒಪ್ಪಿಸಬೇಕು.