ಅಗೆದ ನೆಲ, ಹೊಲಿದ ಬಟ್ಟೆ: ಸಂಡೂರಿನ ಕಸೂತಿ

ಮಣ್ಣು, ಕಲ್ಲು, ಅದಿರುಗಳು ಪೃಥ್ವೀಕಾಯಿಕ ಜೀವಗಳ ಶರೀರವೆಂಬುದು ನಮ್ಮ ಆಗಮಗಳ ಮತ. ನಿಷ್ಪ್ರಯೋಜಕವಾಗಿ ಭೂಮಿಯನ್ನು ಕೆದಕುವುದನ್ನು ಸಮಂತಭದ್ರಾಚಾರ್ಯರು 'ರತ್ನಕರಂಡಕ ಶ್ರಾವಕಾಚಾರ'ದಲ್ಲಿ ಪ್ರಮಾದಚರ್ಯೆಯೆಂದು ಕರೆದು ಅನರ್ಥದಂಡಗಳಲ್ಲಿ ಸೇರಿಸಿದ್ದಾರೆ. ಪ್ರಯೋಜನವಿದ್ದರೆ ಎಷ್ಟು ಅಗೆಯಬಹುದು? ಮುರಕಲ್ಲಿನ ಗೋಡೆಗಳ ನಡುವೆ ಬಾಳುವ ಈಶ್ವರಮಂಗಲದ ಕಡೆಯ ನಾವು ಈ ಪ್ರಶ್ನೆಯನ್ನು ಅನ್ಯರ ಮೇಲೆ ಹೊರಿಸಿ ಪಾರಾಗಲಾರೆವು. ಆದರೂ ಅದರ ಉಗ್ರರೂಪವನ್ನು ಕಾಣಲು ಬಳ್ಳಾರಿ ಜಿಲ್ಲೆಯ ಸಂಡೂರಿಗೇ ಹೋಗಬೇಕು.

ಸಂಡೂರಿನ ಗುಡ್ಡಗಳಲ್ಲಿ ಕಬ್ಬಿಣ, ಮ್ಯಾಂಗನೀಸ್ ಅದಿರುಗಳೆರಡೂ ಇವೆ. 1954ರಲ್ಲಿ ಸ್ಥಾಪಿತವಾದ ಸಂಡೂರು ಮ್ಯಾಂಗನೀಸ್ ಸಂಸ್ಥೆ ಅಲ್ಲಿಯ ಹಳೆಯ ಗಣಿಗಾರಿಕೆಯ ಹೆಸರು. 2000ದ ನಂತರ ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಏರಿದಾಗ ಜಿಲ್ಲೆಯಲ್ಲಿ ಕಾನೂನಿನ ಅಂಕೆಯೇ ತಪ್ಪಿತು. 2011ರ ಜುಲೈ 27ರಂದು ಲೋಕಾಯುಕ್ತ ಸಂತೋಷ್ ಹೆಗ್ಡೆಯವರು ವರದಿ ಸಲ್ಲಿಸಿದರು. ಎರಡೇ ದಿನಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆಯಾಜ್ಞೆ ನೀಡಿತು.

ಇದೇ ಸೀಮೆಯ ತಾಂಡಾಗಳಲ್ಲಿ ಲಂಬಾಣಿಗರಿದ್ದಾರೆ. ಹಿಂದೆ ಎತ್ತುಗಳ ಬೆನ್ನ ಮೇಲೆ ಉಪ್ಪು, ಧಾನ್ಯಗಳನ್ನು ಹೇರಿಕೊಂಡು ಊರೂರು ತಿರುಗುತ್ತಿದ್ದ ಈ ಜನರ ವೃತ್ತಿಯನ್ನು ರೈಲುಮಾರ್ಗಗಳು ಕಿತ್ತುಕೊಂಡವು. ಉಳಿದದ್ದು ಹೆಂಗಸರ ಸೂಜಿ. ಬಟ್ಟೆಯ ತುಂಡುಗಳನ್ನು ಒಂದರ ಮೇಲೊಂದಿಟ್ಟು ಹೊಲಿದು, ಕನ್ನಡಿಯ ಬಿಲ್ಲೆ, ಕವಡೆ, ನಾಣ್ಯ, ಮಣಿಗಳನ್ನು ಕೂಡಿಸಿ ಅವರು ಮಾಡುವ ಕಸೂತಿ ಬಲು ಗಟ್ಟಿ. ಇದರಲ್ಲಿ ಗಣಿಯ ಚಿತ್ರವನ್ನು ಹುಡುಕುವವರಿಗೆ ನಿರಾಶೆಯೇ ಸರಿ. ಅಲ್ಲಿರುವುದು ಚೌಕ, ತ್ರಿಕೋನ, ಗೆರೆಗಳ ಪರಂಪರೆ. ನೆಲಕ್ಕಾದ ಗಾಯಕ್ಕೆ ಈ ಕಲೆ ಕೊಟ್ಟ ಉತ್ತರವು ಚಿತ್ರದಲ್ಲಿಲ್ಲ, ಬದುಕಿನ ಕ್ರಮದಲ್ಲಿದೆ: ಹರಿದುದನ್ನು ಎಸೆಯದೆ ಮತ್ತೆ ಹೊಲಿಯುವುದು. ನಮ್ಮ ಅಪರಿಗ್ರಹದ ಮಾತಿಗೆ ಇದು ದೂರದ ನಂಟೇನಲ್ಲ.

1984ರಲ್ಲಿ ಸಂಡೂರು ಕುಶಲ ಕಲಾ ಕೇಂದ್ರ ಆರಂಭವಾಯಿತು. ಅದಕ್ಕೆ ಆಸರೆಯಾದುದು ಅದಿರು ತೆಗೆಯುವ ಮೇಲೆ ಹೇಳಿದ ಸಂಸ್ಥೆಯೇ! ಗುಡ್ಡವನ್ನು ಅಗೆದ ಹಣ ಸೂಜಿಯನ್ನೂ ಸಾಕಿತು. ಇದನ್ನು ಪಾಪಪರಿಹಾರವೆನ್ನಲು ನಾನು ಸಿದ್ಧನಿಲ್ಲ. ಕಪಟವೆಂದು ತಳ್ಳಲೂ ಮನಸ್ಸು ಬಾರದು, ಏಕೆಂದರೆ ದುಡಿದ ಕೈಗಳಿಗೆ ಕೂಲಿ ಸಂದಿದೆ. ಜೀರ್ಣೋದ್ಧಾರಕ್ಕೆ ದೇಣಿಗೆ ಸ್ವೀಕರಿಸುವ ನಮ್ಮ ಬಸದಿಗಳ ಆಡಳಿತ ಮಂಡಳಿಗಳು, ದಾನಿಯ ಹೆಸರನ್ನು ಶಿಲೆಯಲ್ಲಿ ಕೆತ್ತಿಸುವ ಮುನ್ನ, ಆ ಹಣ ಯಾವ ನೆಲದಿಂದ ಬಂತೆಂದು ಎಷ್ಟು ಸಲ ಕೇಳಿವೆ?

2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ತಯಾರಿಸಿದ 1,755 ಕಸೂತಿ ವಸ್ತುಗಳನ್ನು ಒಂದೆಡೆ ಪ್ರದರ್ಶಿಸಿ ಗಿನ್ನೆಸ್ ದಾಖಲೆ ಮಾಡಲಾಯಿತು. ಗಣಿಯ ಗುಡ್ಡಗಳು ಅಲ್ಲಿಂದ ದೂರವೇನಿರಲಿಲ್ಲ.